ಒಂಬತ್ತು ಅಡಿ ಈಚೆಗೆ ಬಿದ್ದ ಬೆಳಕು

ದಾರ ಇಳಿಯುತ್ತಲೇ ಇತ್ತು. ಚರ್ಚಿನ ಚಾವಣಿಯ ಮೇಲೆ ಬೋರಲು ಮಲಗಿ, ಬೆಳಕಿಂಡಿಯೊಳಗೆ ತಲೆ ತೂರಿಸಿ, ಓಬಳೆಪ್ಪ ನೇರ ನೋಡುವ ತೂಗುಗುಂಡನ್ನು ಬೆರಳ ಸಂದಿಯಿಂದ ಬಿಡುತ್ತಿದ್ದ. ಇನ್ನೊಂದು ಮಾರು ಬಿಟ್ಟರೆ ನೆಲ. ಅಷ್ಟರಲ್ಲಿ ದಾರ ಬಿಗಿಯಿತು.

"ಯಾರದು? ಗುಂಡು ಬಿಡ್ರಿ!"

"ನಾನು, ಪಕ್ಕೀರವ್ವ. ಬಿಡಂಗಿಲ್ಲ. ನೀನ ಕೆಳಗಿಳಿ."

"ಕೆಲಸದಾಗ ಅದೀನಿ, ತಂಗಿ."

"ನಾ ಏನು ಆಟಕ್ಕ ನಿಂತೀನೇನು? ಕಸಬರಿಗಿ ಹಿಡದವಳ ತಲಿ ಮ್ಯಾಲೆ ಗುಂಡು ಬಿಡ್ತಿ. ಎಪ್ಪತ್ತರ ಮುದುಕ ಮ್ಯಾಲೇರಿ ಏನು ನಡಿಸೀದಿ?"

ಓಬಳೆಪ್ಪ ದಾರದ ತುದಿಯನ್ನು ಒಳಗೆ ಬಿಟ್ಟು, ಏಣಿಯ ಮೆಟ್ಟಿಲು ಒಂದೊಂದೇ ಇಳಿದ.

ಇಪ್ಪತ್ತೈದು ವರ್ಷದ ಹಿಂದೆ ತಳಕಲ್ಲಿನ ಈ ಚರ್ಚು ಕಟ್ಟಿದವನೇ ಅವನು. ಅದಕ್ಕೂ ಮೊದಲು ಪಕ್ಕೀರವ್ವನ ಮಾವನ ದನದ ಕೊಟ್ಟಿಗೆಯಲ್ಲಿ ಪೂಜೆ ನಡೆಯುತ್ತಿತ್ತು; ತಗಡಿನ ಟ್ರಂಕೇ ಪೀಠ. ಹೊಸ ಚರ್ಚಿಗೆ ಗೋಪುರವಿಲ್ಲ, ಒಳಗೆ ಒಂದೂ ಕಂಬವಿಲ್ಲ. ಎಂಟು ಗೋಡೆ, ಎಂಟೂ ಕಡೆಯಿಂದ ನಿಧಾನ ಏರಿ ನಡುವೆ ಕೂಡುವ ಕಾಂಕ್ರೀಟು. ಕುಷ್ಟಗಿ ಕಡೆಯ ಕ್ವಾರಿಯಲ್ಲಿ ಬೇಡವೆಂದು ಬಿಟ್ಟ ಕೆಂಪು ಕಲ್ಲು, ಗಾರೆ ಗಿಲಾಯಿ ಕಾಣದ ಗೋಡೆ. ಕಣಕ್ಕೆ ಚಾವಣಿ ಹಾಕ್ಯಾರ ಅಂತ ಊರವರು ನಕ್ಕಿದ್ದರು.

ನಕ್ಷೆಯಲ್ಲಿ ಚಾವಣಿಗೆ, ಪೀಠದ ಕಡೆಗೆ, ಒಂದು ದುಂಡನೆಯ ಕಿಂಡಿ ಇತ್ತು. ಸ್ಲ್ಯಾಬು ಹಾಕುವ ವಾರ ಆಗಿನ ಫಾದರ್ ಇನ್ನಾಸಪ್ಪ ಬಳ್ಳಾರಿಗೆ ಹೋಗಿದ್ದರು. ಓಬಳೆಪ್ಪನ ಕೈಯಿಂದ ಎದ್ದ ಮಾಳಿಗೆ ಮನೆಗಳು ನೂರಾರು. ಅಷ್ಟರಲ್ಲೂ ಬೆಳಕಿಂಡಿ ಒಲೆಯ ಮೇಲೆ, ಹೆಂಗಸರು ಕೂಡುವ ಕಡೆ. ಯಾರೂ ಕೂಡದ ಜಾಗಕ್ಕೆ ಬೆಳಕು ಯಾಕೆ? ನಕ್ಷೆ ಬರೆದ ಹುಡುಗನಿಗೆ ತಿಳಿದಿಲ್ಲ ಅಂದುಕೊಂಡು, ಕಿಂಡಿಯನ್ನು ಒಂಬತ್ತು ಅಡಿ ಈಚೆಗೆ, ಹೆಂಗಸರ ಚಾಪೆಯ ಕಡೆಗೆ ಸರಿಸಿಬಿಟ್ಟ. ಫಾದರ್ ಬಂದು ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. "ಛಲೋ ಆತು, ಓಬಳೆಪ್ಪ" ಅಂದರು.

ಹೋದ ತಿಂಗಳು ಹೊಸ ಫಾದರ್ ಬೆಳ್ಳಿಹಬ್ಬಕ್ಕೆಂದು ಹಳೆಯ ನಕ್ಷೆ ತೆಗೆದು ತೋರಿಸಿದಾಗಲೇ ಅವನಿಗೆ ತಿಳಿದದ್ದು: ಭಾನುವಾರ ಹತ್ತರ ಪೂಜೆಯಲ್ಲಿ ಫಾದರ್ ದ್ರಾಕ್ಷಾರಸದ ಪಾತ್ರೆ ಎತ್ತುವ ಹೊತ್ತಿಗೆ ಸರಿಯಾಗಿ ಬೆಳಕು ಪೀಠದ ಮೇಲೆ ಬೀಳಬೇಕಿತ್ತು. ಇನ್ನಾಸಪ್ಪನವರು ಮಣ್ಣಾಗಿ ಆರು ವರ್ಷ. ಮಾಫಿ ಕೇಳೋಣವೆಂದರೆ ಯಾರನ್ನು ಕೇಳುವುದು? "ಕೂಲಿ ಬ್ಯಾಡ್ರಿ, ಕೈ ನಡುಗೂದರೊಳಗ ಸರಿ ಮಾಡ್ತೀನಿ" ಎಂದು ಹೊಸ ಫಾದರ್ ಬೆನ್ನುಬಿದ್ದ. ಅವರು ಬಳ್ಳಾರಿಯ ಇಂಜಿನಿಯರಿಗೆ ಬರೆದು ಒಪ್ಪಿಗೆ ಕೇಳಿದ್ದರು; ಉತ್ತರ ಇನ್ನೂ ಬಂದಿರಲಿಲ್ಲ. ಚಾವಣಿ ಎರಡು ತೂತು ತಡೆಯದೆಂದು ಓಬಳೆಪ್ಪನಿಗೆ ಗೊತ್ತು. ಈಗಿನ ಕಿಂಡಿ ಮುಚ್ಚಿಯೇ ಪೀಠದ ಕಡೆಯದನ್ನು ತೆರೆಯಬೇಕು; ಅದರ ಅಳತೆಗೆಂದೇ ಇವತ್ತು ಮೇಲೆ ಹತ್ತಿದ್ದ.

ಇಷ್ಟನ್ನೂ ಪಕ್ಕೀರವ್ವನಿಗೆ ಹೇಳಿದ. ಅವಳು ಗುಂಡನ್ನು ಸೆರಗಿನಲ್ಲಿ ಹಿಡಿದೇ ಕೇಳಿದಳು.

"ದೇವರ ಬೆಳಕು ನಾ ಕಸಗೊಂಡೆ, ತಂಗಿ."

"ದೇವರಿಗಿ ಟ್ಯೂಬ್‌ಲೈಟ್ ಐತಿ. ನೀ ಇಲ್ಲಿ ಬಾ."

ತೋಳು ಹಿಡಿದು ನಾಲ್ಕು ಹೆಜ್ಜೆ ನಡೆಸಿದಳು. ನೆಲದ ಮೇಲೆ ಬೆಳಕು ಜೋಳದ ರೊಟ್ಟಿಯಷ್ಟಗಲ ಬಿದ್ದಿತ್ತು.

"ನೀ ಒಂದು ಭಾನುವಾರಾನೂ ಬರಲಿಲ್ಲ, ನಿನಗ ಹೆಂಗ ಗೊತ್ತಾಗಬೇಕು? ಪ್ರಸಾದ ಕೊಡೋ ಹೊತ್ತಿಗಿ ಇನ್ನಾಸಪ್ಪನವರು ಪೀಠ ಬಿಟ್ಟು ಇಳದು ಬರತಿದ್ರು. ಇಲ್ಲೇ, ಈ ಬೆಳಕಿನಾಗ ನಿಂತು ಕೊಡತಿದ್ರು. ಯಾಕ್ರಿ ಫಾದರ್ ಅಂದ್ರ, ಅಲ್ಲಿ ನಿಂತ್ರ ನಿಮ್ಮ ಮಾರಿ ಕಾಣಂಗಿಲ್ಲ ಅಂತಿದ್ರು. ಯಣ್ಣಾ, ಹೊಲದಾಗ ಕಳೇವು ತಗಿಯೋ ಹೆಂಗಸಿನ ಮಾರಿ ಅಷ್ಟು ಹೊತ್ತು ಯಾರು ನೋಡ್ಯಾರ?"

ಓಬಳೆಪ್ಪ ಕತ್ತೆತ್ತಿ ಕಿಂಡಿಯನ್ನು ನೋಡಿದ.

"ಪ್ರತಿ ಭಾನುವಾರ ನಿನ್ನ ಹೆಸರು ಹಿಡದು ಬೇಡಕೊಂತೀನಿ. ಇವ ನಮ್ಮವ ಅಲ್ಲ ಅಂತ ದೇವರು ಇನ್ನಾ ತಕರಾರು ತಗದಿಲ್ಲ."

ಅವನು ಮೊಣಕಾಲೂರಿದ. ಈ ಫರಸಿ ಕಲ್ಲು ಹಾಸಿದ್ದು ಅವನೇ. ಯಾರೂ ಜಾರದಿರಲೆಂದು ಒರಟು ಮುಖವನ್ನೇ ಮೇಲೆ ಮಾಡಿ ಹಾಸಿದ್ದ. ಅಂಗೈ ಸವರಿದ. ಸುತ್ತಲಿನ ಕಲ್ಲು ಈಗಲೂ ಒರಟು. ಬೆಳಕು ಬಿದ್ದ ಕಲ್ಲು ಮಾತ್ರ ಎರಡು ಪಾದದಗಲ ನುಣುಪಾಗಿತ್ತು. ಒಂದು ದಿನ, ಎರಡು ದಿನ ನಿಂತರೆ ಸವೆಯುವ ಕಲ್ಲಲ್ಲ ಅದು. ಅವನು ಕೈ ತೆಗೆಯಲಿಲ್ಲ. ಹಳೆಯ ಬಿಸಿಲು ಅವನ ಬೆರಳುಗಳ ಮೇಲೂ ಬಿತ್ತು.

"ಛಲೋ ಆತು ಅಂದಿದ್ರು," ಅಂದ ಮೆಲ್ಲಗೆ. "ನಾ ಅದನ್ನ ನನ್ನ ಸಮಾಧಾನಕ್ಕ ಅಂದಾರ ಅಂತ ತಿಳಕೊಂಡಿದ್ದೆ."

ಪಕ್ಕೀರವ್ವ ಸೆರಗು ಬಿಚ್ಚಿ ಗುಂಡನ್ನು ಅವನ ಮುಂದಿಟ್ಟಳು. "ಇನ್ನ ಹಿಡಿ. ನಿನ್ನ ಸಾಮಾನು, ನಿನ್ನ ಇಚ್ಛಾ."

ಅಷ್ಟರಲ್ಲಿ ಹೊಸ ಫಾದರ್ ಮೊಬೈಲ್ ಹಿಡಿದುಕೊಂಡೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಓಡಿಬಂದರು. ಮುಖ ಅರಳಿತ್ತು.

"ಓಬಳೆಪ್ಪನವರೇ, ಇಂಜಿನಿಯರ್ ಒಪ್ಪಿದರು! ಇವತ್ತೇ ಒಡೆಯೋಕೆ ಶುರು ಮಾಡಿ. ಬೆಳ್ಳಿಹಬ್ಬದ ಕಲ್ಲಿನ ಮೇಲೆ ನಿಮ್ಮ ಹೆಸರನ್ನೂ ಕೆತ್ತಿಸೋಣ."

ಓಬಳೆಪ್ಪ ದಾರವನ್ನು ಗುಂಡಿಗೆ ಸುತ್ತಿ ಜೇಬಿಗೆ ಹಾಕಿಕೊಂಡ.

"ಒಲ್ಲೆರಿ," ಅಂದ.