ಓಗೊಟ್ಟಿದ್ದು

ಮಕ್ಕಳಿಗೆ ನಟನೆ ಕಲಿಸುವುದು ನನ್ನ ಹೊಟ್ಟೆಪಾಡು. ರಾಮಕೃಷ್ಣನಗರದ ಒಂದು ಮಹಡಿ ಮೇಲೆ ಭಾನುವಾರ ತರಗತಿ ನಡೆಸುತ್ತೇನೆ. ಬೋರ್ಡಿನಲ್ಲಿ ‘ಅಭಿನಯದಿಂದ ವ್ಯಕ್ತಿತ್ವ ವಿಕಸನ’ ಎಂದು ಬರೆಸಿದ್ದೇನೆ. ಬರುವ ಅಪ್ಪ ಅಮ್ಮಂದಿರಲ್ಲಿ ಮುಕ್ಕಾಲು ಪಾಲು ಜನಕ್ಕೆ ವಿಕಸನವೂ ಬೇಡ, ಸುಡುಗಾಡೂ ಬೇಡ. ಮಗು ಟಿವಿಯಲ್ಲಿ ಯಾವಾಗ ಬರುತ್ತದೆ ಅನ್ನುವುದೊಂದೇ ಪ್ರಶ್ನೆ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ.

ಕೆಸರೆಯ ಪದ್ಮಾವತಿ ಮಾತ್ರ ಬೇರೆಯದನ್ನು ಕೇಳಿದರು. ಅವರು ಊದುಬತ್ತಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಗಂಡ ಸಿದ್ದೇಶ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಸೀಟಿನಲ್ಲಿ ಮಗಳು ಸಂಘಮಿತ್ರ ಇದ್ದಳು. ಮೈಗೆ ಏನೂ ಆಗಲಿಲ್ಲ, ಮಾತು ನಿಂತುಹೋಯಿತು. ಗಂಟಲಲ್ಲಿ ದೋಷವಿಲ್ಲ, ಬೇರೆ ಮಕ್ಕಳ ಜೊತೆ ಆಡಲು ಬಿಡಿ ಎಂದು ಡಾಕ್ಟರು ಹೇಳಿದ್ದರಂತೆ.

“ಡೈಲಾಗು ಗೀಲಾಗು ಏನೂ ಬ್ಯಾಡ ಸಾ. ಒಂದ್ಸಲ ನನ್ನ ಅವ್ವಾ ಅಂತ ಕರದ್ರೆ ಸಾಕು,” ಎಂದರು.

ಹುಡುಗಿ ಮೂಲೆಯಲ್ಲಿ ಕೂತು ಸುಮ್ಮನೆ ನೋಡುತ್ತಿದ್ದಳು. ಒಂದು ದಿನ ರಟ್ಟಿನ ಆನೆ ಮುಖವಾಡ ಕೊಟ್ಟೆ. ಹಾಕಿಕೊಂಡವಳೇ ಒಳಗಿನಿಂದ, “ಸೊಂಡ್ಲು ಸೊಟ್ಟಗದೆ,” ಅಂದಳು. ನಾನು ಕುಣಿಯುವುದೊಂದು ಬಾಕಿ. ಮುಖವಾಡ ತೆಗೆದರೆ ಮತ್ತೆ ಮೌನ. ಆದರೂ ಮುಖವಾಡದೊಳಗೆ ಬಂದ ಮಾತು ಇವತ್ತಲ್ಲ ನಾಳೆ ಹೊರಗೂ ಬರುತ್ತದೆ ಎಂದು ನಂಬಿದ್ದೆ, ಪದ್ಮಾವತಿಯವರನ್ನೂ ನಂಬಿಸಿದ್ದೆ.

ವರ್ಷದ ನಾಟಕದಲ್ಲಿ ಅವಳಿಗೆ ದಾರಿ ತಪ್ಪಿದ ಆನೆಮರಿಯ ಪಾತ್ರ. ಮರಿ “ಅಮ್ಮಾ, ಎಲ್ಲಿದ್ದೀಯಾ?” ಎಂದು ಕೂಗಬೇಕು, ತಾಯಿ ಆನೆಯಾದ ಕೀರ್ತಿ ಪರದೆಯ ಹಿಂದಿನಿಂದ ಘೀಳಿಡಬೇಕು. ಅಭ್ಯಾಸದಲ್ಲಿ ಒಂದು ಸಲವೂ ತಪ್ಪಲಿಲ್ಲ. ಪದ್ಮಾವತಿ ಹೊರಗೆ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು.

ಪ್ರದರ್ಶನದ ದಿನ ಆನೆಮರಿ ರಂಗದ ನಡುವೆ ಬಂದು ನಿಂತುಬಿಟ್ಟಿತು. ಮುಖವಾಡವನ್ನು ಹಣೆಯ ಮೇಲಕ್ಕೆ ತಳ್ಳಿಕೊಂಡಿತು. ಹುಡುಗಿ ಕುರ್ಚಿಗಳ ಸಾಲಿನಲ್ಲಿ ಕಣ್ಣಾಡಿಸಿ, “ಅವ್ವಾ,” ಅಂದಳು. ತನ್ನ ಸ್ವಂತ ಮುಖದಲ್ಲಿ, ಎಲ್ಲರಿಗೂ ಕೇಳುವ ಹಾಗೆ.

“ಓ! ಬಂದೆ ಕಣವ್ವಾ!”

ಪದ್ಮಾವತಿ ಕುರ್ಚಿ ಬಿಟ್ಟೆದ್ದು, ಅವರಿವರ ಕಾಲು ತುಳಿಯುತ್ತಾ ರಂಗದ ಕಡೆ ಓಡಿಬಂದರು.

ಸಭೆ ಗೊಳ್ಳೆಂದು ನಕ್ಕಿತು. ಕೆಟ್ಟ ಜನರೇನಲ್ಲ, ಪಾಪ, ನಾಟಕವನ್ನು ನಿಜ ಅಂದುಕೊಂಡ ಹೆಂಗಸು ಎಂದು ನಕ್ಕರು. ಮೊಬೈಲುಗಳು ಮೇಲೆದ್ದವು. ಹುಡುಗಿ ಮುಖವಾಡ ಕೆಳಗೆಳೆದುಕೊಂಡು ಅಲ್ಲೇ ಕುಕ್ಕರಿಸಿದಳು. ನಾನು ಪರದೆ ಎಳೆಸಿದೆ.

ಯಾರೋ ಪುಣ್ಯಾತ್ಮರು ಆ ವಿಡಿಯೋ ಹರಿಬಿಟ್ಟರು. ಶಾಲೆಯಲ್ಲಿ ಅವಳನ್ನು ಕಂಡರೆ ಸಾಕು, ಮಕ್ಕಳು “ಓ, ಬಂದೆ ಕಣವ್ವಾ” ಎಂದು ರಾಗ ಎಳೆಯಲು ಶುರುಮಾಡಿದರು. ತರಗತಿಗೆ ಬಂದಾಗ ನಾನು ಮುಖವಾಡ ಮುಂದೆ ಹಿಡಿದೆ. ಮುಟ್ಟಲಿಲ್ಲ. ಬೇರೆ ಮುಖವಾಡ ಮಾಡಿಕೊಟ್ಟೆ, ಗೊಂಬೆ ಕೊಟ್ಟೆ, ನನಗೆ ಗೊತ್ತಿದ್ದ ಆಟಗಳನ್ನೆಲ್ಲ ಆಡಿಸಿದೆ. ಹಾಳು ವಿದ್ಯೆ, ಒಂದೂ ಕೆಲಸಕ್ಕೆ ಬರಲಿಲ್ಲ.

ಕೊನೆಗೆ ಪದ್ಮಾವತಿ ಮಗಳನ್ನು ತರಗತಿ ಬಿಡಿಸಲು ಬಂದರು. ಹುಡುಗಿ ಗೇಟಿನ ಹತ್ತಿರ ಗೋಡೆಗೆ ಮುಖ ಮಾಡಿ ನಿಂತಿದ್ದಳು.

“ನಾನು ಬಾಯ್ ಮುಚ್ಕೊಂಡು ಕೂತಿದ್ರೆ ಕೂಸು ಇವತ್ತು ಮಾತಾಡ್ತಿತ್ತು, ಅಲ್ವಾ ಸಾ?”

“ಹಾಗೇನಿಲ್ಲ ಪದ್ಮಾವತಿಯವರೇ. ಅದು ನಾಟಕದ ಮಾತು, ನಿಮ್ಮನ್ನ ಕರೆದದ್ದಲ್ಲ,” ಎಂದು ಸುಳ್ಳು ಹೇಳಿದೆ. ನಟನೆ ಕಲಿಸುವವನಿಗೆ ಅಷ್ಟೂ ಬರಲಿಲ್ಲ, ದನಿ ನಡುಗಿತು.

“ನಾಟಕ್ದಲ್ಲಿ ಇದ್ದುದ್ದು ಅಮ್ಮಾ ಅಂತ. ಮೆಟ್ಲ ಮ್ಯಾಲೆ ಕುಂತ್ಕೊಂಡು ಕೇಳಿವ್ನಿ. ಅವ್ವಾ ಅಂದಿದ್ದು ನನ್ನೇ ಕಣ್ ಸಾ.” ಸೆರಗಿನಿಂದ ಕಣ್ಣೊರೆಸಿಕೊಂಡರು. “ನಾ ಎತ್ತ ಕೂಸು ಕೂಗ್ದಾಗ ಓ ಅನ್ನದೆ ಎಂಗಿರ್ಲಿ?”