ನೆರಳಿಗಾಗಿ ತಿರುಗಿದ ಹಡಗು

ಮತ್ತೆ ಬಿಸಿಲು ಬೆನ್ನಿಗೆ ಬಂತು, ಈಗಷ್ಟೇ ಅಡುಗೆಕೋಣೆಯ ಆ ಕಿಟಕಿಯಿಂದ ಮುಖಕ್ಕೆ ರಾಚುತ್ತಿದ್ದದ್ದು ಈಗ ಈ ಕಿಟಕಿಯಿಂದ, ಅಂದರೆ ತಿರುಗಿಸಿದ, ಹಡಗನ್ನು ಮತ್ತೆ ತಿರುಗಿಸಿದ, ಅವಳ ಸ್ವಂತ ತಮ್ಮ, ಈ ಹಡಗಿನ ಕಪ್ತಾನ — ಸೌಟನ್ನು ಪಾತ್ರೆಯೊಳಗೇ ಬಿಟ್ಟಳು, ನೀರು ಹಾಕಬೇಕಾದಲ್ಲಿ ನಿಟ್ಟುಸಿರು ಬಿಟ್ಟರೆ ಬೇಳೆ ಬೇಯುತ್ತದೆಯೇ, ಪೀಪಾಯಿಯ ತಳ ಕಾಣುತ್ತಿದೆ, ದಡ ಕಾಣುತ್ತಿಲ್ಲ, ಹೇಗೆ ಕಂಡೀತು, ಗಾಣದ ಎತ್ತು ಎಷ್ಟು ನಡೆದರೇನು, ಊರು ಸೇರಿದ್ದುಂಟೇ. ಹಳೆಯ ಕಪ್ತಾನ ಸಿಡುಕ, ಯಾರಿಗೂ ಬೇಡವಾಗಿದ್ದ, ಆದರೆ ಹಡಗು ನೆಟ್ಟಗೆ ಹೋಗುತ್ತಿತ್ತು, ಜ್ವರ ಬಂದು ಅವನು ತೀರಿಕೊಂಡ ಮೇಲೆ ಪ್ರಯಾಣಿಕರೆಲ್ಲ ಕೈಯೆತ್ತಿ ತಮ್ಮನನ್ನು ಆರಿಸಿದರು, ಬೆಣ್ಣೆಯಂಥ ಮಾತು, ಯಾರಿಗೂ ಇಲ್ಲ ಅನ್ನದ ಬಾಯಿ, ಬೀದಿ ದಾಟಬೇಕಾದರೂ ಅಕ್ಕನ ಕೈ ಹಿಡಿಯುತ್ತಿದ್ದ ಹುಡುಗ. ಎಡಗಡೆ ಕೂತವರು ಬಿಸಿಲು ತಾಳಲಾರೆವು ಎಂದರು, ತಿರುಗಿಸಿದ, ಚಪ್ಪಾಳೆ, ಬಲಗಡೆಯವರು ನಮ್ಮ ಮಕ್ಕಳಿಗೇನು ಚರ್ಮ ಇಲ್ವಾ ಎಂದರು, ತಿರುಗಿಸಿದ, ಚಪ್ಪಾಳೆ, ಜೋರಾಗಿ ಕೂಗಿದವರ ಕಡೆಗೆ ನೆರಳು, ಕೆಳಗಿನ ಕತ್ತಲಲ್ಲಿ ಇರುವವರ ಕೂಗು ಮೇಲೆ ಹತ್ತುವುದೇ ಇಲ್ಲ, ಅಲ್ಲಿ ಅವಳ ಮಗಳು, ಹಸಿ ಬಾಣಂತಿ, ಅಮ್ಮಾ ಒಂದು ಲೋಟ ನೀರು ಸಿಗತ್ತಾ, ಎದೇಲಿ ಹಾಲೇ ಬತ್ತಿಹೋಗ್ತಿದೆ, ತನ್ನ ಪಾಲಿನದನ್ನೂ ಕೊಟ್ಟಾಯಿತು, ನಾಳೆಗೆ ಯಾರ ಪಾಲು ಕೊಡುವುದು, ಸಾಕು, ಒಲೆ ಆರಿಸಿದಳು, ಮೆಟ್ಟಿಲು ಹತ್ತಿದಳು, ಮೊಣಕಾಲು ಶಾಪ ಹಾಕುತ್ತಿದೆ. ಮುಂಭಾಗದ ಕಟ್ಟೆಯ ಮೇಲೆ ತಮ್ಮ, ಕೈ ಚುಕ್ಕಾಣಿ ಚಕ್ರದ ಮೇಲೆ, ಕತ್ತು ಮಾತ್ರ ಹಿಂದಕ್ಕೆ, ಪೂರ್ತಿ ಹಿಂದಕ್ಕೆ, ಯಾರು ಚಪ್ಪಾಳೆ ತಟ್ಟಿದರು, ಯಾರು ತಟ್ಟಲಿಲ್ಲ, ಅಷ್ಟೇ ಲೆಕ್ಕ, ಮುಂದಿರುವ ಸಮುದ್ರ ಯಾರಪ್ಪನದೋ. ಎಲ್ಲಿಗೋ ಹೋಗ್ತಿರೋದು, ಎಂದು ಕೇಳಿದಳು. ಜನ ಕೇಳ್ತಾರೆ ಅಕ್ಕ, ಬೇಜಾರು ಮಾಡ್ಕೋತಾರೆ, ನಾನೇನು ಮಾಡ್ಲಿ ಹೇಳು. ನೀರು ಮುಗೀತು ಕಣೋ, ನಿನ್ನ ಸೋದರಸೊಸೆ ಕೆಳಗೆ ಒಣಗ್ತಿದ್ದಾಳೆ. ನೋಡೋಣ ಅಕ್ಕ, ಎಲ್ಲರನ್ನೂ ಒಂದು ಮಾತು ಕೇಳಿ — ಭುಜದಿಂದ ನೂಕಿದಳು, ಅಷ್ಟೇ, ಬಿಟ್ಟುಕೊಟ್ಟ, ಬಿಸಿ ಪಾತ್ರೆ ಇಳಿಸಿದವನ ಹಾಗೆ ಹಗುರಾದ. ಸೂರ್ಯ ಮುಳುಗುವ ಕಡೆಗೇ ದಡ ಎಂದು ಹಳೆಯವನು ಸಾಯುವ ಮುಂಚೆ ಎಲ್ಲರೆದುರು ಹೇಳಿರಲಿಲ್ಲವೇ, ಚಕ್ರ ಎಳೆದಳು, ಹಡಗು ನರಳಿತು, ಬಗ್ಗಿತು, ನಿಂತಿತು ಆ ದಿಕ್ಕಿಗೆ, ಇಳಿಬಿಸಿಲು ಈಗ ಎಲ್ಲರ ಮುಖಕ್ಕೂ, ಎಡಕ್ಕೂ ಬಲಕ್ಕೂ ಒಂದೇ, ಬೈದರು, ಬೈಯಲಿ, ಕಣ್ಣು ಕಿರಿದು ಮಾಡಿ ಹಿಡಿದೇ ಇದ್ದಳು, ಎಷ್ಟು ಹೊತ್ತೋ, ದೂರದಲ್ಲಿ ಒಂದು ಕಪ್ಪು ಗೆರೆ, ಮೋಡವೋ, ಅಲ್ಲ, ಮರಗಳ ತಲೆ, ನೆಲ, ನೆಲವೇ, ಆದರೆ ನಡುವೆ ಅಲೆ ಒಡೆಯುತ್ತಿದೆ, ಕೆಳಗೆ ಬಂಡೆ ಇರಬೇಕು, ರೆಪ್ಪೆ ಬಡಿಯುವ ಹಾಗಿಲ್ಲ, ಆಗ ಹಿಂದೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಇನ್ನೊಬ್ಬರು, ಅಕ್ಕನೇ ಇರಲಿ, ಅಕ್ಕನೇ ಕಪ್ತಾನ, ಬೆನ್ನಿಗೆ ಬೆಚ್ಚಗೆ ಏನೋ ತಾಗಿದ ಹಾಗೆ, ಬೇಡ, ಮುಂದೆ ನೋಡು, ಬಂಡೆ ನೋಡು, ಎಷ್ಟು ಜನ ಇರಬಹುದು, ಬಲಗಡೆಯವರೂ ತಟ್ಟುತ್ತಿದ್ದಾರೆಯೇ, ಒಂದೇ ಒಂದು ಸಲ, ಕತ್ತು, ಅವಳದೇ ಕತ್ತು, ಮೆಲ್ಲಗೆ ಹಿಂದಕ್ಕೆ