ವ್ಯಾನಿಗೆ ಕಮ್ಮಿಬಿದ್ದ ನಾಲ್ಕು ಸಾವಿರ

ಕೊರಾಂಗಾಲಾ ಎಂಬ ಪುಟ್ಟ ಊರಿನ ಸೇವಾ ಕ್ಲಬ್ಬಿನ ಖಜಾಂಚಿ ನೋಲೀನ್ ಟ್ರೆವಿಕ್ ಜಿಪುಣಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಸಾಸೇಜ್ ಸುಟ್ಟು ಮಾರಿ, ಲಾಟರಿ ಚೀಟಿ ಹರಿದುಕೊಟ್ಟು ಕೂಡಿಸಿದ ದುಡ್ಡನ್ನು ಅವಳು ವರ್ಷಗಟ್ಟಲೆ ಮುಷ್ಟಿ ಬಿಗಿಹಿಡಿದು ಕಾದಿದ್ದಳು. ಆ ಸಲ ವಾರ್ಷಿಕ ಸಭೆ ಹತ್ತಿರ ಬಂದಾಗಲೇ, ಡಯಾಲಿಸಿಸ್ ರೋಗಿಗಳನ್ನು ನಗರದ ಆಸ್ಪತ್ರೆಗೆ ಒಯ್ಯುತ್ತಿದ್ದ ಕ್ಲಬ್ಬಿನ ವ್ಯಾನು ಹೆದ್ದಾರಿಯಲ್ಲಿ ಕೆಟ್ಟು ನಿಂತಿತು. ಎಂಜಿನ್ ಮತ್ತೆ ಏಳಲಿಲ್ಲ.

ಸಭೆಯಲ್ಲಿ ಅಧ್ಯಕ್ಷ ಕ್ಲಾರಿ ಎದ್ದು ನಿಂತ. "ಮೀಸಲು ನಿಧೀಲಿ ಮೂವತ್ತೆಂಟು ಸಾವಿರ ಡಾಲರ್ ಇದೆ. ಮೂವತ್ತೊಂದಕ್ಕೆ ಒಳ್ಳೇ ಹಳೇ ವ್ಯಾನ್ ಸಿಗತ್ತೆ. ತಗೊಂಬಿಡೋಣ. ನೋಲೀನ್, ನೀನು ಬೇಡ ಅಂತೀಯ, ಗೊತ್ತು ಬಿಡು."

"ಬೇಡ ಅಂದೋರ್ಯಾರು? ಆದ್ರೆ ಹನ್ನೊಂದು ಸಾವಿರ ಮುಟ್ಟೋ ಹಾಗಿಲ್ಲ. ವರ್ಷದ ವಿಮೆ, ಪೆಟ್ರೋಲು, ಈ ಸಭಾಭವನದ ಬಾಡಿಗೆ ಎಲ್ಲಾ ಅದ್ರಲ್ಲೇ ಆಗ್ಬೇಕು. ಇಲ್ದಿದ್ರೆ ನಿನ್ನ ವ್ಯಾನನ್ನ ಶೆಡ್ಡಲ್ಲಿ ನಿಲ್ಸಿ ಕೋಳಿ ಸಾಕ್ಬೇಕಾಗತ್ತೆ."

"ಹಾಗಾದ್ರೆ ನಾಲ್ಕು ಸಾವಿರ ಕಮ್ಮಿ ಬೀಳತ್ತೆ ಮಾರಾಯ್ತಿ. ಅದು ಕೂಡೋವರೆಗೂ ಕಾರ್ಮೆನಾ ಏನು ಮಾಡ್ಬೇಕು?"

ಹಿಂದಿನ ಸಾಲಿನಲ್ಲಿದ್ದ ಕಾರ್ಮೆನಾ ಝಾಹ್ರಾ ತಲೆ ತಗ್ಗಿಸಿದಳು. ವಾರಕ್ಕೆ ಮೂರು ಸಲ ಆ ವ್ಯಾನು ಆಸ್ಪತ್ರೆಗೆ ಹೋದರಷ್ಟೇ ಅವಳ ಜೀವ ಉಳಿಯುತ್ತಿತ್ತು. ನೋಲೀನ್ ತಿರುಗಿ ಅವಳನ್ನು ನೋಡಿದಳು. ಆದರೂ ಅವಳು ಜಗ್ಗಲಿಲ್ಲ.

"ಅಲ್ಲೀವರೆಗೂ ನನ್ನ ಕಾರಿದೆ, ನಾನೇ ಕರ್ಕೊಂಡು ಹೋಗ್ತೀನಿ. ನಾಲ್ಕು ಸಾವಿರಾನೂ ಹುಟ್ಟಿಸ್ತೀನಿ."

ಮಾರನೇ ದಿನ ಅವಳು ವ್ಯಾನಿನ ವ್ಯಾಪಾರಿಯ ಎದುರು ಹೆಣಿಗೆ ಹಿಡಿದು ಕೂತಳು. ಮಧ್ಯಾಹ್ನದ ಹೊತ್ತಿಗೆ ಅವನು ಬೇಸತ್ತು ಬೆಲೆಯಲ್ಲಿ ಸಾವಿರದೈನೂರು ಇಳಿಸಿದ. ಆಮೇಲೆ ಶನಿವಾರಗಳಂದು ಹಾರ್ಡ್‌ವೇರ್ ಅಂಗಡಿಯ ಮುಂದೆ, ಸುಡುಬಿಸಿಲಲ್ಲಿ, ಅವಳೂ ಕ್ಲಾರಿಯೂ ಸಾಸೇಜು, ಈರುಳ್ಳಿ ಸುಟ್ಟರು.

"ಇನ್ನೊಂದು ವಾರ ಆದ್ರೆ ನಾನೇ ಸುಟ್ಟು ಕರಕಲಾಗ್ತೀನಿ," ಎಂದು ಕ್ಲಾರಿ ಗೊಣಗಿದ.

"ಸುಟ್ರೂ ನಿನ್ನ ಯಾರೂ ಕೊಳ್ಳಲ್ಲ. ಬ್ರೆಡ್ ತೆಗಿ."

ಕೊನೆಯ ಶನಿವಾರ ಕಾರ್ಮೆನಾ ತಾನೇ ಬೇಯಿಸಿದ, ಚೀಸ್ ತುಂಬಿದ ಪಸ್ತಿಜ್ಜಿ ಎಂಬ ಗರಿಗರಿ ಕಡುಬುಗಳ ಎರಡು ತಟ್ಟೆ ತಂದಿಟ್ಟಳು. "ನೀನ್ಯಾಕೆ ದಣೀತೀಯ?" ಎಂದು ನೋಲೀನ್ ಗದರಿದಳು.

"ಆ ವ್ಯಾನಲ್ಲಿ ಹೋಗೋದು ನಾನು ತಾನೆ? ಸುಮ್ನೆ ಕೂತ್ಕೊಳ್ಳೋಕಾಗಲ್ಲ," ಎಂದಳು ಕಾರ್ಮೆನಾ.

ಮಧ್ಯಾಹ್ನದೊಳಗೆ ತಟ್ಟೆಗಳು ಖಾಲಿಯಾದವು. ಸಂಜೆಗೆ ಕಮ್ಮಿಬಿದ್ದಿದ್ದ ನಾಲ್ಕು ಸಾವಿರದ ಲೆಕ್ಕ ಕೂಡಿತು, ಹನ್ನೊಂದು ಸಾವಿರ ಹಾಗೇ ಉಳಿಯಿತು.

ಸೋಮವಾರ ಬೆಳಿಗ್ಗೆ ಹೊಸದಾಗಿ ಕೊಂಡ ವ್ಯಾನು ಕಾರ್ಮೆನಾಳನ್ನು ಹತ್ತಿಸಿಕೊಂಡು ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದ ನೋಲೀನ್, ಇಷ್ಟು ವಾರಗಳ ಬಳಿಕ ಕಾರು ಓಡಿಸುವ ಕೆಲಸವಿಲ್ಲದೆ, ಮನೆಗೆ ಬಂದು, ಬೂಟು ಕೂಡ ಬಿಚ್ಚದೆ ನಿದ್ದೆ ಹೋದಳು.